ಒಂದು ರಾತ್ರಿಯ ನುಡಿಕೆ ಯಾರ ಸೊತ್ತು?

ಕಿಂಗ್ ಕ್ರಿಮ್ಸನ್ ಎಂಬ ಇಂಗ್ಲಿಷ್ ರಾಕ್ ತಂಡದ ಇಬ್ಬರು ಅಭಿಮಾನಿಗಳು ಒಂದೆಡೆ ಸೇರಿದರೆ ವಾದ ಶುರುವಾಗಲು ಹೆಚ್ಚು ಹೊತ್ತು ಬೇಕಿಲ್ಲ. ತಂಡದ ಅತ್ಯುತ್ತಮ ಕೃತಿ 1974ರ ‘ರೆಡ್’ ಎಂಬ ಧ್ವನಿಮುದ್ರಿಕೆ ಎಂದು ಒಬ್ಬ ಹೇಳುತ್ತಾನೆ. ಅದೇನು ಮಹಾ, ಅದೇ ವರ್ಷ ಅಮೆರಿಕದ ಊರೂರುಗಳಲ್ಲಿ ಅವರು ನುಡಿಸಿದ್ದನ್ನು ಕೇಳಿದ್ದೀಯಾ ಎಂದು ಇನ್ನೊಬ್ಬ ಮೂದಲಿಸುತ್ತಾನೆ. ಮೂರನೆಯವನೊಬ್ಬ ಬಂದು, 1969ರಲ್ಲಿ ಮೊದಲ ತಂಡ ಒಡೆದ ದಿನವೇ ಕಿಂಗ್ ಕ್ರಿಮ್ಸನ್ ಮುಗಿಯಿತು ಎಂದುಬಿಟ್ಟರೆ ಆ ಸಂಜೆ ಅಲ್ಲಿಗೆ ಹಾಳಾದಂತೆಯೇ. ಹೊರಗಿನವರಿಗೆ ಇದು ಕೆಲಸವಿಲ್ಲದವರ ಹರಟೆಯಂತೆ ಕಾಣಬಹುದು. ಆದರೆ ಜಗಳದ ಬುಡದಲ್ಲಿ ಗಟ್ಟಿಯಾದ ಪ್ರಶ್ನೆಯೊಂದಿದೆ. ಒಂದು ರಾತ್ರಿ ಒಂದು ಸಭಾಂಗಣದಲ್ಲಿ ಹುಟ್ಟಿ ಅಲ್ಲೇ ಕರಗಿಹೋಗಬೇಕಾದ ಸಂಗೀತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ಯಾರದು? ನುಡಿಸಿದವರದೋ, ಕೇಳಿದವರದೋ?

ಈ ಪ್ರಶ್ನೆಯ ಮೇಲೆ ತಂಡದ ನಾಯಕ ರಾಬರ್ಟ್ ಫ್ರಿಪ್ ಮತ್ತು ಅವರ ಅಭಿಮಾನಿಗಳು ದಶಕಗಳ ಕಾಲ ಹಗ್ಗಜಗ್ಗಾಟ ನಡೆಸಿದರು. ಗೆದ್ದವರು ಯಾರೆಂದು ಹೇಳುವುದು ಕಷ್ಟ.

ಕಿಂಗ್ ಕ್ರಿಮ್ಸನ್ ಸೇರುವುದು ‘ಪ್ರೊಗ್ರೆಸಿವ್ ರಾಕ್’ ಎಂಬ ಪಂಗಡಕ್ಕೆ. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ ಬೆಳೆದ ಪ್ರಕಾರ ಅದು. ಮೂರು ನಿಮಿಷದ ಪ್ರೇಮಗೀತೆ, ಅದಕ್ಕೊಂದು ಕುಣಿತದ ತಾಳ ಎಂಬ ಚೌಕಟ್ಟನ್ನು ಮುರಿದು, ಯುರೋಪಿನ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನೂ ಜಾಜ್ ಸಂಗೀತದ ಮನೋಧರ್ಮವನ್ನೂ ವಿದ್ಯುತ್ ಗಿಟಾರಿಗೆ ತರಲು ಹೊರಟವರು ಇವರು. ಎಲ್‌ಪಿ ಎಂಬ ದೊಡ್ಡ ತಟ್ಟೆ ಅವರಿಗೆ ಹೇಳಿಮಾಡಿಸಿದ ಮಾಧ್ಯಮ. ಒಂದು ಮಗ್ಗುಲಲ್ಲಿ ಸುಮಾರು ಇಪ್ಪತ್ತು ನಿಮಿಷ ಜಾಗ. ಬೇಕಾದರೆ ಅಷ್ಟನ್ನೂ ಒಂದೇ ಕೃತಿಗೆ ಕೊಡಬಹುದು. ಯೆಸ್, ಜೆನೆಸಿಸ್, ಪಿಂಕ್ ಫ್ಲಾಯ್ಡ್ ಮೊದಲಾದ ತಂಡಗಳು ಈ ದಾರಿಯಲ್ಲಿ ನಡೆದವು. ಇಂಥ ತಂಡಗಳಲ್ಲಿ ಹಲವಕ್ಕೆ ತಟ್ಟೆಯೇ ಮೂಲ ಕೃತಿ. ಸ್ಟುಡಿಯೋದಲ್ಲಿ ತಿಂಗಳುಗಟ್ಟಲೆ ಕೂತು ಕಟ್ಟಿದ್ದನ್ನು ವೇದಿಕೆಯಲ್ಲಿ ಎಷ್ಟು ನಿಖರವಾಗಿ ಮತ್ತೆ ನುಡಿಸಬಲ್ಲರು ಎಂಬುದು ಅವರ ಸಾಮರ್ಥ್ಯದ ಅಳತೆಗೋಲು.

ಕಿಂಗ್ ಕ್ರಿಮ್ಸನ್ ವಿಷಯದಲ್ಲಿ ಈ ಲೆಕ್ಕ ತಲೆಕೆಳಗು. ಅಭಿಮಾನಿಗಳ ಜಗಳಕ್ಕೆ ಕಾರಣವೂ ಅದೇ.

1969ರ ಜನವರಿಯಲ್ಲಿ ಲಂಡನ್ನಿನ ನೆಲಮಾಳಿಗೆಯೊಂದರಲ್ಲಿ ತಾಲೀಮು ಶುರು ಮಾಡಿದ ಈ ತಂಡ, ಜುಲೈ 5ರಂದು ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಕಛೇರಿಗೆ ಮುಂಚೆ ನುಡಿಸಿತು. ಎದುರಿಗೆ ಲಕ್ಷಾಂತರ ಜನ. ತಂಡ ಅಷ್ಟರಲ್ಲಿ ಒಂದು ತಟ್ಟೆಯನ್ನೂ ಹೊರತಂದಿರಲಿಲ್ಲ. ಅಕ್ಟೋಬರಿನಲ್ಲಿ ‘ಇನ್ ದ ಕೋರ್ಟ್ ಆಫ್ ದ ಕ್ರಿಮ್ಸನ್ ಕಿಂಗ್’ ಬಂತು. ಬಾಯಿ ತೆರೆದು ಚೀರುತ್ತಿರುವ, ಕಣ್ಣು ಹೊರಳಿದ ಕೆಂಪು ಮುಖದ ಅದರ ರಕ್ಷಾಕವಚವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಅದನ್ನು ಬಿಡಿಸಿದ ಬ್ಯಾರಿ ಗಾಡ್ಬರ್ ಕೆಲವೇ ತಿಂಗಳಲ್ಲಿ, ಇಪ್ಪತ್ನಾಲ್ಕರ ಹರೆಯದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಆ ಧ್ವನಿಮುದ್ರಿಕೆಯ ತುಂಬ ಮೊಳಗುವ ವಾದ್ಯವೃಂದದ ನಾದ ನಿಜವಾಗಿ ವಾದ್ಯವೃಂದದ್ದಲ್ಲ. ಮೆಲೊಟ್ರಾನ್ ಎಂಬ ಕೀಲಿಮಣೆ ವಾದ್ಯದ್ದು. ಅದರ ಪ್ರತಿ ಮನೆಯನ್ನು ಒತ್ತಿದಾಗಲೂ ಪಿಟೀಲುಗಳ ಒಂದು ಸ್ವರ ಮುದ್ರಿತವಾಗಿರುವ ಟೇಪಿನ ತುಂಡು ಸುಮಾರು ಎಂಟು ಸೆಕೆಂಡು ಓಡುತ್ತದೆ. ಮುದ್ರಣವನ್ನು ಇಷ್ಟು ಸಂಶಯದಿಂದ ಕಂಡ ತಂಡದ ಮೊದಲ ಗುರುತೇ ಟೇಪಿನಿಂದ ಮಾಡಿದ ವಾದ್ಯ ಎಂಬುದು ವಿಚಿತ್ರವೇ ಸರಿ.

ವರ್ಷದ ಕೊನೆಗೆ ಅಮೆರಿಕ ಪ್ರವಾಸ ಮುಗಿಯುವಷ್ಟರಲ್ಲಿ ಇಯಾನ್ ಮೆಕ್‌ಡೊನಾಲ್ಡ್ ಮತ್ತು ಡ್ರಮ್ ವಾದಕ ಮೈಕೇಲ್ ಜೈಲ್ಸ್ ಹೊರನಡೆದರು. ಗಾಯಕ ಗ್ರೆಗ್ ಲೇಕ್ ಕೂಡ ಬೇಗನೆ ಬೇರೆ ತಂಡ ಕಟ್ಟಿಕೊಂಡರು. ಆಮೇಲೆ ತಂಡ ಸೇರಿದವರು, ಬಿಟ್ಟವರು, ಮತ್ತೆ ಬಂದವರು ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಮಂದಿ. ಮೊದಲಿನಿಂದ ಕೊನೆಯತನಕ ಉಳಿದವರು ಫ್ರಿಪ್ ಒಬ್ಬರೇ. ಯಕ್ಷಗಾನ ಬಲ್ಲವರಿಗೆ ಇದು ಹೊಸತೆನಿಸದು. ಮೇಳದ ಹೆಸರು ಅದೇ ಇರುತ್ತದೆ. ಭಾಗವತರು, ವೇಷಧಾರಿಗಳು ಬದಲಾಗುತ್ತಾರೆ. ಇಂಥ ವರ್ಷದ ಇಂಥ ಮೇಳ ಎಂದು ಹೇಳಿದರೇ ರಸಿಕರಿಗೆ ಅರ್ಥವಾಗುವುದು. ಕ್ರಿಮ್ಸನ್ ಅಭಿಮಾನಿಗಳೂ ಬರಿದೆ ತಂಡದ ಹೆಸರು ಹೇಳುವುದಿಲ್ಲ. ‘ಅರವತ್ತೊಂಬತ್ತರ ತಂಡ’, ‘ಎಪ್ಪತ್ಮೂರರ ತಂಡ’, ‘ಎಂಬತ್ತರ ದಶಕದ ನಾಲ್ವರು’ ಎಂದೇ ಅವರ ಲೆಕ್ಕ.

ಇವುಗಳಲ್ಲಿ ಹೆಚ್ಚು ಚರ್ಚೆಯಾಗುವುದು 1972ರಿಂದ 1974ರವರೆಗಿನ ತಂಡ. ಯೆಸ್ ತಂಡದಲ್ಲಿ ಹೆಸರು, ಹಣ ಎರಡೂ ಕೂಡಿಬರುತ್ತಿದ್ದಾಗಲೇ ಅದನ್ನು ಬಿಟ್ಟು ಬಂದ ಡ್ರಮ್ ವಾದಕ ಬಿಲ್ ಬ್ರೂಫರ್ಡ್, ಬಾಸ್ ಗಿಟಾರ್ ಮತ್ತು ಹಾಡಿಗೆ ಜಾನ್ ವೆಟನ್, ಪಿಟೀಲಿಗೆ ಡೇವಿಡ್ ಕ್ರಾಸ್. ತಗಡು, ಸರಪಳಿ, ಆಟಿಕೆ ಏನು ಸಿಕ್ಕಿದರೂ ಬಡಿಯುತ್ತಿದ್ದ ಜೇಮೀ ಮ್ಯೂರ್ ಎಂಬ ವಿಲಕ್ಷಣ ತಾಳವಾದ್ಯಗಾರರೂ ಮೊದಲಿಗೆ ಇದ್ದರು. ಕೆಲವೇ ತಿಂಗಳಲ್ಲಿ ಅವರು ಸ್ಕಾಟ್ಲೆಂಡಿನ ಬೌದ್ಧ ವಿಹಾರ ಸೇರಿಬಿಟ್ಟರು. ಈ ತಂಡ ಪ್ರತಿ ಕಛೇರಿಯಲ್ಲೂ ಸಾಕಷ್ಟು ಹೊತ್ತನ್ನು ಯಾವ ಸಿದ್ಧತೆಯೂ ಇಲ್ಲದೆ, ಸ್ಥಳದಲ್ಲೇ ಹುಟ್ಟಿಸಿಕೊಂಡು ನುಡಿಸುತ್ತಿತ್ತು. ನಮ್ಮ ರಾಗವಿಸ್ತಾರದಂತೆ ಇದಕ್ಕೆ ರಾಗದ ಹಳಿ ಇಲ್ಲ, ತಾಳದ ಆಧಾರವಿಲ್ಲ. ಒಬ್ಬ ಶುರು ಮಾಡಿದ್ದಕ್ಕೆ ಉಳಿದವರು ಕಿವಿಗೊಟ್ಟು ಸೇರಿಕೊಳ್ಳಬೇಕು. ಕೂಡಿಬಂದ ದಿನ ಮೈ ನವಿರೇಳುತ್ತದೆ. ಬಾರದ ದಿನ ಬರೀ ಗದ್ದಲ.

1974ರ ಮೊದಲಲ್ಲಿ ಬಂದ ‘ಸ್ಟಾರ್‌ಲೆಸ್ ಅಂಡ್ ಬೈಬಲ್ ಬ್ಲ್ಯಾಕ್’ ಎಂಬ ಧ್ವನಿಮುದ್ರಿಕೆಯ ಬಹುಭಾಗ ಸ್ಟುಡಿಯೋದಲ್ಲಿ ಆದದ್ದಲ್ಲ. 1973ರ ನವೆಂಬರ್ 23ರಂದು ಆಮ್‌ಸ್ಟರ್‌ಡಾಮಿನ ಕಾನ್ಸರ್ಟ್‌ಗೆಬೌ ಸಭಾಂಗಣದಲ್ಲಿ ಮತ್ತು ಬೇರೆ ಕೆಲವು ಕಡೆ ನುಡಿಸಿದ್ದನ್ನೇ ತೆಗೆದುಕೊಂಡು, ಚಪ್ಪಾಳೆಯನ್ನು ಅಳಿಸಿ, ಎಲ್‌ಪಿಗೆ ಹಾಕಿದ್ದು. ಕೇಳಿದವರಿಗೆ ಇದು ತಿಳಿಯುವಂತಿರಲಿಲ್ಲ. ಅದರಲ್ಲಿ ‘ಟ್ರಿಯೊ’ ಎಂಬ ಸಣ್ಣದೊಂದು ಕೃತಿಯಿದೆ. ಪಿಟೀಲು, ಬಾಸ್ ಮತ್ತು ಮೆಲೊಟ್ರಾನ್ ಮೂರೇ ವಾದ್ಯ. ಮೆಲ್ಲಗೆ ಶುರುವಾಗಿ ಮೆಲ್ಲಗೇ ಮುಗಿಯುತ್ತದೆ. ಅಂದು ಬ್ರೂಫರ್ಡ್ ಕೋಲುಗಳನ್ನು ಎದೆಯ ಮೇಲೆ ಅಡ್ಡವಾಗಿ ಹಿಡಿದು, ಈಗ ಬಾರಿಸಲೋ ಆಗ ಬಾರಿಸಲೋ ಎಂದು ಕಾಯುತ್ತ ಕೊನೆಯವರೆಗೂ ಒಂದು ಪೆಟ್ಟನ್ನೂ ಹಾಕಲಿಲ್ಲ. ತಂಡ ಅವರಿಗೂ ಆ ಕೃತಿಯ ರಚನೆಯಲ್ಲಿ ಪಾಲು ಕೊಟ್ಟಿತು. ಬಾರಿಸದೆ ಇದ್ದ ಸಂಯಮವೇ ಅವರ ಕೊಡುಗೆ ಎಂದು. ಡ್ರಮ್ ಬಾರಿಸುವವರಿಗೆ ಸುಮ್ಮನಿದ್ದುದಕ್ಕೆ ಸಂಭಾವನೆ ಸಿಕ್ಕ ಇನ್ನೊಂದು ಉದಾಹರಣೆ ರಾಕ್ ಸಂಗೀತದಲ್ಲಿ ಹುಡುಕಿದರೂ ಸಿಗಲಾರದು. ಇಂಥದ್ದನ್ನು ಸ್ಟುಡಿಯೋದಲ್ಲಿ ಯೋಜಿಸಿ ಮಾಡಲು ಬರುವುದಿಲ್ಲ. ಅದು ಆ ಸಭಾಂಗಣದಲ್ಲಿ, ಆ ಕೇಳುಗರ ಮೌನದಲ್ಲಿ ಮಾತ್ರ ಸಾಧ್ಯವಾದದ್ದು.

ಆಗ ರಸಿಕನಿಗೆ ಸಹಜವಾಗಿಯೇ ಒಂದು ಆಸೆ ಹುಟ್ಟುತ್ತದೆ. ಆಮ್‌ಸ್ಟರ್‌ಡಾಮಿನಲ್ಲಿ ಹೀಗಾದರೆ ಮಾರನೆಯ ಊರಿನಲ್ಲಿ ಏನಾಗಿರಬೇಕು?

ಈ ಆಸೆಗೆ ತಂಡದ ಕಡೆಯಿಂದ ಸಿಕ್ಕ ಉತ್ತರ ಬಹುಕಾಲ ಬಡವಾಗಿಯೇ ಇತ್ತು. 1972ರಲ್ಲಿ ಬಂದ ಮೊದಲ ಕಛೇರಿ ಮುದ್ರಿಕೆ ‘ಅರ್ತ್‌ಬೌಂಡ್’ ಅನ್ನು ಸಾಧಾರಣ ಕ್ಯಾಸೆಟ್ಟಿನಲ್ಲಿ ಹಿಡಿಯಲಾಗಿತ್ತು. ಒಂದು ಭಾಗವನ್ನಂತೂ ಮಳೆಯಲ್ಲಿ, ಫೋಕ್ಸ್‌ವ್ಯಾಗನ್ ವಾಹನದ ಹಿಂಬದಿಯಲ್ಲಿ ಕೂತು ಮುದ್ರಿಸಿದ್ದು. ಧ್ವನಿ ಎಷ್ಟು ಕೆಟ್ಟದಾಗಿತ್ತೆಂದರೆ ಅಮೆರಿಕದ ಕಂಪನಿ ಅದನ್ನು ಹೊರತರಲು ಒಪ್ಪಲಿಲ್ಲ. 1975ರ ‘ಯುಎಸ್‌ಎ’ ಮುದ್ರಿಕೆಯಲ್ಲಿ ಕೆಲವೆಡೆ ಕ್ರಾಸ್ ಅವರ ಪಿಟೀಲಿನ ಬದಲು ಬೇರೊಬ್ಬ ಕಲಾವಿದರಿಂದ ಆಮೇಲೆ ನುಡಿಸಿ ಸೇರಿಸಲಾಯಿತು. ಈ ಕೊರತೆಯನ್ನು ತುಂಬಿದ್ದು ಕಳ್ಳಮುದ್ರಿಕೆ, ಅವರ ಮಾತಿನಲ್ಲಿ ‘ಬೂಟ್‌ಲೆಗ್’. ಬಾಬ್ ಡಿಲನ್ ಅವರ ಹೊರಬಾರದ ಹಾಡುಗಳನ್ನು ಯಾರೋ ತಟ್ಟೆ ಮಾಡಿ ಮಾರಿದ ‘ಗ್ರೇಟ್ ವೈಟ್ ವಂಡರ್’ ಬಂದದ್ದು 1969ರಲ್ಲಿ, ಕ್ರಿಮ್ಸನ್ ಹುಟ್ಟಿದ ವರ್ಷವೇ. ಅಲ್ಲಿಂದ ಮುಂದೆ ಕೋಟಿನೊಳಗೆ ಟೇಪ್ ರೆಕಾರ್ಡರ್ ಅಡಗಿಸಿಕೊಂಡು ಕಛೇರಿಗೆ ಹೋಗುವವರ ಒಂದು ವರ್ಗವೇ ಬೆಳೆಯಿತು. ಕೆಲವರು ಮಾರಿ ದುಡ್ಡು ಮಾಡಿದರು. ಬಹಳ ಮಂದಿ ಮಾರಲಿಲ್ಲ. ಕ್ಯಾಸೆಟ್ಟಿಗೆ ಕ್ಯಾಸೆಟ್ಟು ಕೊಟ್ಟು ಅಂಚೆಯಲ್ಲಿ ತರಿಸಿಕೊಂಡರು. ಕರಾವಳಿಯಲ್ಲಿ 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಭಾಗವತಿಕೆ ಮುಂದಿನ ತಲೆಮಾರಿಗೂ ಕೇಳಿಸುತ್ತಿರುವುದರಲ್ಲಿ ಕ್ಯಾಸೆಟ್ಟುಗಳ ಪಾಲು ದೊಡ್ಡದು. ಟೇಪು ಹಿಡಿದು ಕೂತ ರಸಿಕನ ಆಸೆಯ ಸ್ವರೂಪ ಎಲ್ಲ ಕಡೆಯೂ ಒಂದೇ.

ಫ್ರಿಪ್ ಇದನ್ನು ಕಟುವಾಗಿ ವಿರೋಧಿಸಿದರು. ಹಣದ ಪ್ರಶ್ನೆ ಇಲ್ಲವೆಂದಲ್ಲ. ಅನುಮತಿಯಿಲ್ಲದೆ ಮಾಡಿ ಮಾರಿದ ತಟ್ಟೆಗಳಿಂದ ನುಡಿಸಿದವರಿಗೆ ಒಂದು ಕಾಸೂ ಬರುವುದಿಲ್ಲ. ಆದರೆ ಅವರ ಮುಖ್ಯ ಆಕ್ಷೇಪ ಬೇರೆ. ಕಛೇರಿ ಎಂದರೆ ನುಡಿಸುವವರು, ಕೇಳುವವರು ಮತ್ತು ಸಂಗೀತ ಈ ಮೂರೂ ಕೂಡಿ ಆ ಹೊತ್ತಿಗೆ ನಡೆಯುವ ಘಟನೆ. ಗುಟ್ಟಾಗಿ ಯಂತ್ರ ಇಟ್ಟವನು ಅಲ್ಲಿ ಕೇಳುಗನಾಗಿ ಇರುವುದಿಲ್ಲ, ಏನನ್ನೋ ಕೊಂಡೊಯ್ಯಲು ಬಂದವನಾಗಿರುತ್ತಾನೆ. ಅವನಿದ್ದಾನೆಂದು ತಿಳಿದ ಕಲಾವಿದ ತಪ್ಪು ಮಾಡಲು ಹೆದರುತ್ತಾನೆ. ತಪ್ಪಿಗೆ ಹೆದರಿದ ಮೇಲೆ ಸ್ಥಳದಲ್ಲೇ ಹುಟ್ಟಿಸುವ ಸಂಗೀತ ಎಲ್ಲಿಂದ ಬರಬೇಕು? ಸ್ಟುಡಿಯೋ ಮುದ್ರಣ ಪ್ರೇಮಪತ್ರವಿದ್ದಂತೆ, ಕಛೇರಿ ಪ್ರೇಮಿಗಳ ಭೇಟಿಯಿದ್ದಂತೆ ಎಂಬರ್ಥದ ಅವರ ಮಾತೊಂದನ್ನು ಅಭಿಮಾನಿಗಳು ಆಗಾಗ ನೆನೆಯುತ್ತಾರೆ. ಹೋಲಿಕೆಯನ್ನು ಒಪ್ಪಿದರೆ, ಭೇಟಿಗೆ ಮೂರನೆಯವನು ಯಂತ್ರ ಹಿಡಿದು ಬರುವುದು ಸಭ್ಯತೆಯಲ್ಲ ಎಂದೂ ಒಪ್ಪಬೇಕಾಗುತ್ತದೆ. ಕ್ಯಾಮೆರಾಗೂ ಇದೇ ಕಟ್ಟಳೆ. ತಂಡದ ಕೊನೆಯ ವರ್ಷಗಳ ಕಛೇರಿಗಳಲ್ಲಿ, ಎಲ್ಲ ಮುಗಿದ ಮೇಲೆ ಬಾಸ್ ವಾದಕ ಟೋನಿ ಲೆವಿನ್ ತಮ್ಮ ಕ್ಯಾಮೆರಾ ಎತ್ತಿ ಸಭಿಕರತ್ತ ಹಿಡಿದಾಗ ಮಾತ್ರ ಸಭಿಕರೂ ಚಿತ್ರ ತೆಗೆಯಬಹುದಿತ್ತು. ಇದಕ್ಕೆ ಪೂರ್ತಿ ವಿರುದ್ಧವಾದ ನಿಲುವೂ ಅದೇ ಕಾಲದ ರಾಕ್ ಲೋಕದಲ್ಲಿತ್ತು. ಅಮೆರಿಕದ ಗ್ರೇಟ್‌ಫುಲ್ ಡೆಡ್ ತಂಡ 1984ರಲ್ಲಿ ಟೇಪು ಮಾಡುವವರಿಗೆಂದೇ ಸಭಾಂಗಣದಲ್ಲಿ ಜಾಗ ಬಿಟ್ಟುಕೊಟ್ಟಿತು.

ಫ್ರಿಪ್ 1974ರ ಸೆಪ್ಟೆಂಬರಿನಲ್ಲಿ, ‘ರೆಡ್’ ಅಂಗಡಿಗೆ ಬರುವ ಮೊದಲೇ, ತಂಡವನ್ನು ಮುಚ್ಚಿದರು. 1981ರಲ್ಲಿ ಬ್ರೂಫರ್ಡ್, ಲೆವಿನ್ ಮತ್ತು ಅಮೆರಿಕದ ಏಡ್ರಿಯನ್ ಬೆಲ್ಯೂ ಅವರೊಂದಿಗೆ ಅದೇ ಹೆಸರಿನಲ್ಲಿ, ಇಂಡೊನೇಷ್ಯಾದ ಗ್ಯಾಮೆಲಾನ್ ಸಂಗೀತವನ್ನು ನೆನಪಿಸುವ ಹೆಣಿಗೆಯ ಗಿಟಾರುಗಳೊಂದಿಗೆ ಮರಳಿದರು; ಮೂರು ಧ್ವನಿಮುದ್ರಿಕೆ ಮಾಡಿ 1984ರಲ್ಲಿ ಮತ್ತೆ ಮುಚ್ಚಿದರು. ಮುಂದಿನ ಬಾರಿ ತೆರೆದದ್ದು 1994ರಲ್ಲಿ. ಈ ನಡುವೆ ಒಂದು ಮುಖ್ಯ ಬದಲಾವಣೆ ಆಗಿತ್ತು. ಹಳೆಯ ಮ್ಯಾನೇಜ್‌ಮೆಂಟ್ ಸಂಸ್ಥೆಯೊಂದಿಗೆ ಹಕ್ಕುಗಳ ಬಗ್ಗೆ ಎದ್ದ ದೀರ್ಘ ವ್ಯಾಜ್ಯದ ಕಾಲದಲ್ಲಿ, 1992ರಲ್ಲಿ, ಫ್ರಿಪ್ ಮತ್ತು ಧ್ವನಿತಜ್ಞ ಡೇವಿಡ್ ಸಿಂಗಲ್‌ಟನ್ ‘ಡಿಸಿಪ್ಲಿನ್ ಗ್ಲೋಬಲ್ ಮೊಬೈಲ್’ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಕಲಾವಿದರ ಹಕ್ಕು ಕಲಾವಿದರಲ್ಲೇ ಉಳಿಯಬೇಕು ಎಂಬುದು ಅದರ ನಿಯಮ. ಅದೇ ವರ್ಷ 1973 ಮತ್ತು 1974ರ ಕಛೇರಿಗಳ ನಾಲ್ಕು ಸಿಡಿಗಳ ‘ದ ಗ್ರೇಟ್ ಡಿಸೀವರ್’ ಹೊರಬಂತು. ‘ರೆಡ್’ನಲ್ಲಿ ತುಣುಕಾಗಿ ಕೇಳಿದ್ದ ಪ್ರಾವಿಡೆನ್ಸ್ ಊರಿನ ನುಡಿಕೆಯ ಹಿಂದುಮುಂದು ಅಭಿಮಾನಿಗಳಿಗೆ ಮೊದಲ ಬಾರಿ ಸ್ವಚ್ಛವಾಗಿ ಸಿಕ್ಕಿತು.

1997ರಲ್ಲಿ ನಡೆದದ್ದು ಇನ್ನೂ ಸ್ವಾರಸ್ಯದ್ದು. ಆಮ್‌ಸ್ಟರ್‌ಡಾಮಿನ ಪೂರ್ತಿ ಕಛೇರಿ ಚಪ್ಪಾಳೆ ಸಮೇತ ಆ ವರ್ಷ ಬಂತು. ಅದರೊಂದಿಗೆ 1969ರ ತಂಡದ ಕಛೇರಿಗಳನ್ನು ಒಳಗೊಂಡ ‘ಎಪಿಟಾಫ್’ ಕೂಡ ಬಂತು. ಆದರೆ 1969ರ ಕಛೇರಿಗಳ ಒಳ್ಳೆಯ ಮುದ್ರಣ ಎಲ್ಲಿತ್ತು? ತಂಡದ ಬಳಿ ಎಲ್ಲವೂ ಇರಲಿಲ್ಲ. ಯಾರೋ ಸಭಿಕರು ಮಾಡಿಕೊಂಡಿದ್ದ, ಕೈಯಿಂದ ಕೈಗೆ ನಕಲಾಗಿ ಸವೆದಿದ್ದ ಟೇಪುಗಳನ್ನೂ ಕಳ್ಳಮುದ್ರಿಕೆಗಳನ್ನೂ ತರಿಸಿಕೊಂಡು, ಗೊರಗೊರ ಸದ್ದು ತೆಗೆದು, ವೇಗ ಸರಿಪಡಿಸಿ, ಸಿಂಗಲ್‌ಟನ್ ಮತ್ತು ಅವರ ಜೊತೆಗಾರರು ಅವನ್ನು ಮತ್ತೆ ಜೀವಕ್ಕೆ ತಂದರು. ಫ್ರಿಪ್ ಯಾರನ್ನು ಕಳ್ಳರೆಂದು ಬಗೆದಿದ್ದರೋ ಅವರ ಕೈಚಳಕವೇ ಇಲ್ಲಿ ಉಪಕಾರಕ್ಕೆ ಬಂದಿತು. ಅದರಿಂದ ಫ್ರಿಪ್ ಅವರ ತತ್ವ ಸುಳ್ಳಾಗಲಿಲ್ಲ ಎಂದು ವಾದಿಸಬಹುದು. ಆದರೆ ಆ ತತ್ವವನ್ನು ಎಲ್ಲರೂ ಪಾಲಿಸಿದ್ದರೆ ಚೆಸ್ಟರ್‌ಫೀಲ್ಡಿನ ಜಾಜ್ ಕ್ಲಬ್ಬಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗರು ಹಾಗೆ ನುಡಿಸಿದ್ದರೆಂದು ಇಂದು ಯಾರೂ ಕೇಳುವಂತಿರಲಿಲ್ಲ, ಅದೂ ಅಷ್ಟೇ ನಿಜ.

ಅನಂತರ ಕಟ್ಟೆಯೊಡೆಯಿತು. 1998ರಲ್ಲಿ ಚಂದಾದಾರರಿಗೆಂದು ಹಳೆಯ ಕಛೇರಿಗಳ ಸಿಡಿ ಕಳಿಸುವ ಕೂಟ ಆರಂಭವಾಯಿತು. 2005ರಿಂದ ಅಂತರಜಾಲದ ಮೂಲಕ ಕಛೇರಿಗಳನ್ನು ಇಳಿಸಿಕೊಳ್ಳುವ ವ್ಯವಸ್ಥೆ ಬಂತು. 2013ರ ‘ದ ರೋಡ್ ಟು ರೆಡ್’ ಪೆಟ್ಟಿಗೆಯಲ್ಲಿ 24 ತಟ್ಟೆಗಳಿದ್ದವು, ಮರುವರ್ಷದ ‘ಸ್ಟಾರ್‌ಲೆಸ್’ ಪೆಟ್ಟಿಗೆಯಲ್ಲಿ 27. ಇದು ಅತಿಯಾಯಿತಲ್ಲವೆ ಎಂದು ಅಭಿಮಾನಿಗಳಲ್ಲೇ ಕೆಲವರು ಕೇಳಿದರು. ಕೇಳಬೇಕಾದ ಮಾತೇ. ಒಂದೇ ಕೃತಿಯನ್ನು ಹತ್ತಾರು ರಾತ್ರಿ ನುಡಿಸಿದ್ದನ್ನು ಸಾಲಾಗಿ ಕೇಳುವ ತಾಳ್ಮೆ ಎಷ್ಟು ಜನರಿಗಿದೆ? ತಂಡವನ್ನು ಈಗಷ್ಟೇ ಕೇಳತೊಡಗಿದವನಿಗೆ ಈ ಪೆಟ್ಟಿಗೆಗಳು ಉಪಕಾರಕ್ಕಿಂತ ಗೊಂದಲವನ್ನೇ ಹೆಚ್ಚು ಮಾಡುತ್ತವೆ.

ಆದರೂ ಆ ತಾಳ್ಮೆಗೆ ಫಲವಿಲ್ಲದೆ ಇಲ್ಲ. ‘ಸ್ಟಾರ್‌ಲೆಸ್’ ಎಂಬ ಹಾಡನ್ನೇ ತೆಗೆದುಕೊಳ್ಳಿ. ‘ರೆಡ್’ನ ಕೊನೆಯಲ್ಲಿರುವ ಹನ್ನೆರಡು ನಿಮಿಷದ ಈ ಕೃತಿ ಸ್ಟುಡಿಯೋಗೆ ಹೋಗುವ ಮುಂಚೆ ತಿಂಗಳುಗಟ್ಟಲೆ ವೇದಿಕೆಯಲ್ಲಿ ಬೆಳೆಯಿತು. ಧ್ವನಿಮುದ್ರಿಕೆಯಲ್ಲಿ ಅದರ ಮೊದಲ ವಿಷಾದದ ಸ್ವರಗಳನ್ನು ನುಡಿಸುವುದು ಫ್ರಿಪ್ ಅವರ ಗಿಟಾರು. ಕಛೇರಿಯ ಟೇಪುಗಳಲ್ಲಿ ಅವೇ ಸ್ವರಗಳನ್ನು ನುಡಿಸುವುದು ಕ್ರಾಸ್ ಅವರ ಪಿಟೀಲು. ವೆಟನ್ ಮತ್ತು ಬ್ರೂಫರ್ಡ್ ಅವರ ಅಬ್ಬರ ದಿನದಿನಕ್ಕೆ ಏರುತ್ತಿತ್ತು. ಅದರ ನಡುವೆ ಪಿಟೀಲು ತನ್ನ ಜಾಗಕ್ಕಾಗಿ ಹೆಣಗುವುದು ಈ ಮುದ್ರಣಗಳಲ್ಲಿ ಕೇಳುತ್ತದೆ. 1974ರ ಜುಲೈ 1ರಂದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಪ್ರವಾಸ ಮುಗಿಯಿತು. ‘ರೆಡ್’ ಮುದ್ರಣವಾಗುವಾಗ ಕ್ರಾಸ್ ತಂಡದಲ್ಲಿರಲಿಲ್ಲ. ಪ್ರಾವಿಡೆನ್ಸಿನ ಆ ತುಣುಕಿನಲ್ಲಿ ಮಾತ್ರ ಅವರ ಪಿಟೀಲು ಉಳಿಯಿತು. ಒಬ್ಬ ಕಲಾವಿದ ತಂಡದಿಂದ ಹೇಗೆ ಮರೆಯಾದ ಎಂಬುದನ್ನು ‘ರೆಡ್’ ಹೇಳುವುದಿಲ್ಲ, ಟೇಪುಗಳು ಹೇಳುತ್ತವೆ. ‘ರೆಡ್ ದೊಡ್ಡದೋ, ಟೇಪು ದೊಡ್ಡದೋ’ ಎಂಬ ವಾದದಲ್ಲಿ ಟೇಪಿನ ಪರ ಇರುವ ಬಲವಾದ ಸಾಕ್ಷ್ಯ ಇದು. ಹಾಗೆಂದು ಕೃತಿಯ ಪೂರ್ಣ ರೂಪ ಧ್ವನಿಮುದ್ರಿಕೆಯಲ್ಲೇ ಇದೆ ಎನ್ನುವವರದೂ ತಪ್ಪಲ್ಲ. ಹದಿಮೂರು ಎಣಿಕೆಯ ತಾಳದ ಮೇಲೆ ಗಿಟಾರು ಒಂದೇ ಸ್ವರವನ್ನು ಹಿಡಿದು ಕೆದಕುತ್ತ ಹೋಗಿ, ಕಡೆಗೆ ಸ್ಯಾಕ್ಸೊಫೋನ್ ಸ್ಫೋಟಿಸುವ ಆ ಮುಕ್ತಾಯದ ಕಟ್ಟೋಣ ಯಾವ ಕಛೇರಿಯಲ್ಲೂ ಅಷ್ಟು ಬಿಗಿಯಾಗಿ ಕೂಡಿಬಂದಿಲ್ಲ.

ತಂಡದ ಹದಿಮೂರನೆಯ ಮತ್ತು ಕೊನೆಯ ಸ್ಟುಡಿಯೋ ಧ್ವನಿಮುದ್ರಿಕೆ ‘ದ ಪವರ್ ಟು ಬಿಲೀವ್’ ಬಂದದ್ದು 2003ರಲ್ಲಿ. 2014ರಲ್ಲಿ ಫ್ರಿಪ್ ಏಳು ಜನರ ಹೊಸ ತಂಡ ಕಟ್ಟಿದರು. ಮೂವರು ಡ್ರಮ್ ವಾದಕರು ವೇದಿಕೆಯ ಮುಂಭಾಗದಲ್ಲಿ, ಫ್ರಿಪ್ ಸೇರಿ ಉಳಿದವರೆಲ್ಲ ಹಿಂದೆ ಎತ್ತರದಲ್ಲಿ. ಹಾಡಿಗೆ ಜಾಕೊ ಜಾಕ್ಸಿಕ್, ಎಪ್ಪತ್ತರ ದಶಕದ ಮೆಲ್ ಕಾಲಿನ್ಸ್ ಮತ್ತೆ ಸ್ಯಾಕ್ಸೊಫೋನಿಗೆ. ನಾಲ್ಕು ದಶಕ ಮುಟ್ಟದಿದ್ದ ಹಳೆಯ ಕೃತಿಗಳನ್ನು ಇವರು ನುಡಿಸಿದರು. ಕಛೇರಿಯ ಮುದ್ರಿಕೆಗಳನ್ನು ಒಂದರ ಮೇಲೊಂದು ತಂದರು. ಸ್ಟುಡಿಯೋ ಧ್ವನಿಮುದ್ರಿಕೆ ಮಾತ್ರ ಒಂದನ್ನೂ ಮಾಡಲಿಲ್ಲ. ಅಭಿಮಾನಿಗಳು ಎರಡು ಪಕ್ಷವಾದರು. ಹೊಸದನ್ನು ಮಾಡದ ತಂಡ ವಸ್ತುಸಂಗ್ರಹಾಲಯ ಎಂದರು ಒಂದು ಪಕ್ಷದವರು. ಯಾವಾಗ ಬರೆದದ್ದಾದರೂ ನುಡಿಸಿದಾಗ ಹೊಸತೇ ಎಂಬುದು ಫ್ರಿಪ್ ಅವರ ನಿಲುವಾಗಿತ್ತು. ಇನ್ನೊಂದು ಪಕ್ಷ ಅದನ್ನೇ ಎತ್ತಿ ಹಿಡಿಯಿತು. ಶತಮಾನಗಳ ಹಿಂದಿನ ಕೃತಿಯನ್ನೇ ಸಂಜೆಸಂಜೆ ಹೊಸದಾಗಿ ಕೇಳುವ ಕರ್ನಾಟಕ ಸಂಗೀತದ ಶ್ರೋತೃವಿಗೆ ಈ ಎರಡನೆಯ ಮಾತಿನಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ರಾಕ್ ಲೋಕದಲ್ಲಿ ಮಾತ್ರ ಅದು ಕ್ರಾಂತಿಯ ಮಾತು. ಅಲ್ಲಿ ಹೊಸ ಆಲ್ಬಂ ಇಲ್ಲದ ತಂಡವೆಂದರೆ ಮುಪ್ಪಡರಿದ ತಂಡ ಎಂದೇ ರೂಢಿ.

2021ರ ಡಿಸೆಂಬರ್ 8ರಂದು ಟೋಕಿಯೋದಲ್ಲಿ ಈ ತಂಡ ತನ್ನ ಕೊನೆಯ ಕಛೇರಿ ಮುಗಿಸಿತು. ಗ್ರೆಗ್ ಲೇಕ್ 2016ರಲ್ಲಿ, ವೆಟನ್ 2017ರಲ್ಲಿ ಹೋಗಿದ್ದರು; 2022ರಲ್ಲಿ ಮೆಕ್‌ಡೊನಾಲ್ಡ್, 2024ರಲ್ಲಿ ತಂಡಕ್ಕೆ ಹೆಸರಿಟ್ಟ ಕವಿ ಪೀಟರ್ ಸಿನ್‌ಫೀಲ್ಡ್ ತೀರಿಕೊಂಡರು. 2024ರಲ್ಲೇ ಬೆಲ್ಯೂ ಮತ್ತು ಲೆವಿನ್ ಇಬ್ಬರು ಹೊಸಬರನ್ನು ಕೂಡಿಕೊಂಡು, ‘ಬೀಟ್’ ಎಂಬ ಹೆಸರಿನಲ್ಲಿ ಎಂಬತ್ತರ ದಶಕದ ಕೃತಿಗಳನ್ನು ನುಡಿಸಹೊರಟರು. ಅದು ಕಿಂಗ್ ಕ್ರಿಮ್ಸನ್ನೇ ಎಂದು ಕೆಲವರು, ಫ್ರಿಪ್ ಇಲ್ಲದ ಮೇಲೆ ಹೇಗಾದೀತು ಎಂದು ಇನ್ನು ಕೆಲವರು. ಕೊನೆಯ ತಂಡದವರಿಂದ ಸ್ಟುಡಿಯೋ ಮುದ್ರಣದ ಕೆಲಸ ನಡೆದಿದೆ ಎಂಬ ಜಾಕ್ಸಿಕ್ ಅವರ ಮಾತು 2025ರಲ್ಲಿ ಹೊರಬಿದ್ದಾಗಲೂ ಹಳೆಯ ಜಗಳವೇ ಹೊಸ ರೂಪದಲ್ಲಿ ಎದ್ದಿತು. ವೇದಿಕೆ ಏರದ ಕ್ರಿಮ್ಸನ್ ಯಾವ ಕ್ರಿಮ್ಸನ್?

ಹೈಡ್ ಪಾರ್ಕಿನ ಆ ಮೊದಲ ದೊಡ್ಡ ಕಛೇರಿಯ ನುಡಿಕೆಯೂ ಹೊರಬಂದಿದೆ, 2002ರಲ್ಲಿ, ಚಂದಾದಾರರ ಕೂಟದ ಸಿಡಿಯಾಗಿ. ಅಪೂರ್ಣ, ಧ್ವನಿ ಬಹಳ ಕೆಟ್ಟದ್ದು. ಜನಸಾಗರದ ನಡುವೆ ಯಾರೋ ಹಿಡಿದ ಟೇಪು ಎಂಬುದು ಕೇಳಿದ ಕ್ಷಣವೇ ತಿಳಿಯುತ್ತದೆ. ಇದಕ್ಕಿಂತ ಸ್ವಚ್ಛವಾದ ಪ್ರತಿಯೊಂದು ಲಂಡನ್ನಿನ ಯಾವುದೋ ಮನೆಯ ಅಟ್ಟದ ಮೇಲೆ ಧೂಳು ಹಿಡಿದು ಕೂತಿರಬಹುದು ಎಂಬ ಆಸೆಯನ್ನು ಅಭಿಮಾನಿಗಳು ಬಿಟ್ಟಿಲ್ಲ.